ಹುಳು ಸಾಯುವ ಬದನೆಯನ್ನು ನಾವು ತಿನ್ನಬಹುದೇ?

ಪ್ರಶ್ನೆ: ಬಿ.ಟಿ. ಬದನೆ ತಿಂದ ಹುಳು ಸಾಯುತ್ತದಂತೆ. ಅದನ್ನೇ ತಿಂದ ಮನುಷ್ಯರಿಗೆ ಏನೂ ಆಗುವುದಿಲ್ಲವೇ? ಆಗುವುದಿಲ್ಲ ಎಂದಾದರೆ ಸರ್ಕಾರ ಅದನ್ನು ತಡೆಹಿಡಿದದ್ದೇಕೆ?

ಉತ್ತರ: ಮೊದಲ ಪ್ರಶ್ನೆಗೆ ವಿಜ್ಞಾನದ ಬಳಿ ಸಾಕಷ್ಟು ಗಟ್ಟಿ ಉತ್ತರವಿದೆ. ಜಗಳ ಇನ್ನೂ ಮುಗಿಯದಿರುವುದು ಎರಡನೆಯದರಲ್ಲಿ.

ಬದನೆ ಬೆಳೆಗಾರರನ್ನು ಕಂಗಾಲು ಮಾಡುವುದು ಕುಡಿ ಮತ್ತು ಕಾಯಿ ಕೊರಕ ಹುಳು. ಮರಿ ಎಳೆಗುಡಿಯೊಳಗೆ ಹೊಕ್ಕರೆ ಕುಡಿ ಬಾಡಿ ಜೋತುಬೀಳುತ್ತದೆ. ಕಾಯೊಳಗೆ ಹೊಕ್ಕರೆ ಅದನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಒಮ್ಮೆ ಒಳಸೇರಿದ ಹುಳುವಿಗೆ ಔಷಧಿ ತಾಗುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿ ಒಳಹೊಗುವ ಮುನ್ನವೇ ಅದನ್ನು ಹಿಡಿಯಬೇಕು. ಹಾಗಾಗಿ ರೈತರು ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ, ಎಷ್ಟೋ ಕಡೆ ಕೊಯ್ಲಿನ ಹಿಂದುಮುಂದೆಯೂ.

ಈ ಹುಳುವಿಗಾಗಿಯೇ ಮಹಾರಾಷ್ಟ್ರದ ಜಾಲ್ನಾದ ಮಹಿಕೋ ಕಂಪನಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ (ಚುಟುಕಾಗಿ ಬಿ.ಟಿ.) ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಒಂದು ಜೀನನ್ನು ಬದನೆಗೆ ಸೇರಿಸಿತು. ಗಿಡ ತಾನೇ ಕ್ರೈ1ಎಸಿ ಎಂಬ ಪ್ರೋಟೀನ್ ತಯಾರಿಸಿಕೊಳ್ಳುತ್ತದೆ. ಮರಿಹುಳುವಿನ ಕರುಳಿನಲ್ಲಿರುವುದು ಕ್ಷಾರೀಯ ರಸ. ಅಲ್ಲಿ ಈ ಪ್ರೋಟೀನ್ ಚುರುಕಾಗಿ, ಕರುಳಿನ ಗೋಡೆಯ ನಿರ್ದಿಷ್ಟ ಜಾಗಗಳಿಗೆ ಅಂಟಿಕೊಂಡು ತೂತು ಕೊರೆಯುತ್ತದೆ. ನಮ್ಮ ಜಠರದಲ್ಲಿರುವುದು ಆಮ್ಲ, ಮೇಲಾಗಿ ಅಂಟಿಕೊಳ್ಳಲು ಬೇಕಾದ ಆ ಜಾಗಗಳೂ ನಮ್ಮ ಕರುಳಿನಲ್ಲಿಲ್ಲ. ಇದೇ ಬ್ಯಾಕ್ಟೀರಿಯಾದ ಪುಡಿಯನ್ನು ಸಾವಯವ ಕೃಷಿಕರೂ ಸಿಂಪಡಿಸುತ್ತಾರೆ. ಬಿ.ಟಿ. ಹತ್ತಿಗೆ 2002ರಲ್ಲೇ ಅನುಮತಿ ಸಿಕ್ಕಿದ್ದು, ಅದರ ಬೀಜದ ಎಣ್ಣೆ ಅಡುಗೆಗೂ ಬಳಕೆಯಾಗುತ್ತಿದೆ. (ಎಣ್ಣೆಯಲ್ಲಿ ಪ್ರೋಟೀನ್ ಉಳಿಯುವುದು ತೀರಾ ಕಡಿಮೆ, ಬದನೆಯನ್ನಾದರೆ ಇಡೀ ಕಾಯನ್ನೇ ತಿನ್ನುತ್ತೇವೆ. ಎರಡೂ ಒಂದೇ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ.)

ಹಾಗಿದ್ದರೆ ತಡೆ ಏಕೆ ಬಂತು? ಇಂಥ ಬೆಳೆಗಳನ್ನು ಪರಿಶೀಲಿಸುವ ಕೇಂದ್ರ ಸರ್ಕಾರದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ 2009ರ ಅಕ್ಟೋಬರ್ 14ರಂದು ಈ ಬದನೆಗೆ ಒಪ್ಪಿಗೆ ಕೊಟ್ಟಿತು. ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ತಕ್ಷಣ ಸಹಿ ಹಾಕದೆ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿದರು. ಕೊನೆಯ ಸಭೆ ನಡೆದದ್ದು ಬೆಂಗಳೂರಿನಲ್ಲಿ. 2010ರ ಫೆಬ್ರುವರಿ 9ರಂದು ತಡೆ ಘೋಷಿಸಿದರು. ಬದನೆ ಹೆಚ್ಚು ಬೆಳೆಯುವ ಪಶ್ಚಿಮ ಬಂಗಾಳ, ಒಡಿಶಾ, ಬಿಹಾರಗಳೇ ವಿರೋಧಿಸಿದ್ದವು. ಸುರಕ್ಷತೆಯ ಪರೀಕ್ಷೆಗಳಿಗೂ ಆಕ್ಷೇಪವಿತ್ತು. ಮಾಡಿಸಿದ್ದು ಕಂಪನಿಯೇ, ಇಲಿಗಳಿಗೆ ತಿನ್ನಿಸಿ ನೋಡಿದ ಅತಿ ದೀರ್ಘ ಅವಧಿ 90 ದಿನ. ಸ್ವತಂತ್ರ ಸಂಸ್ಥೆಗಳು ಮತ್ತೆ ಪರೀಕ್ಷಿಸಲಿ ಎನ್ನುವುದು ಅತಿಯಾದ ಬೇಡಿಕೆಯೇನಲ್ಲ.

ಇದಕ್ಕಿಂತ ತೂಕದ ವಾದ ಇನ್ನೊಂದಿದೆ. ಬದನೆಯ ತಳಿ ವೈವಿಧ್ಯ ಅಪಾರವಾಗಿರುವ ದೇಶ ನಮ್ಮದು, ಅದರ ಕಾಡು ಬಂಧುಗಳೂ ಇಲ್ಲಿವೆ. ಬದನೆ ಹೆಚ್ಚಾಗಿ ಸ್ವಪರಾಗದ ಬೆಳೆಯಾದರೂ ಜೇನು, ದುಂಬಿಗಳ ಮೂಲಕ ಪಕ್ಕದ ಹೊಲಕ್ಕೆ ಪರಾಗ ಹೋಗುವುದುಂಟು. ಉಡುಪಿಯ ಮಟ್ಟು ಗುಳ್ಳ ಬದನೆಯನ್ನೇ ನೋಡಿ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಎಂಬ ನಂಬಿಕೆಯಿಂದ ಮಟ್ಟು ಊರಿನವರು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ತಳಿ ಅದು, ಊರಿನ ಹೆಸರಿನೊಂದಿಗೆ ತಳಿಗೆ ಕಾನೂನಿನ ಮನ್ನಣೆ ಕೊಡುವ ಭೌಗೋಳಿಕ ಸೂಚಿಕೆಯೂ (ಜಿ.ಐ.) ಸಿಕ್ಕಿದೆ. ಅಲ್ಲಿಗೆ ಹೊರಗಿನ ಜೀನ್ ಸೇರಿಕೊಂಡರೆ ವಾಪಸು ಪಡೆಯುವ ದಾರಿ ಯಾವುದು? ಮಹಿಕೋ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಹಭಾಗಿತ್ವದಲ್ಲಿ ಉಡುಪಿ ಗುಳ್ಳ, ಮಾಲಾಪುರ, ಕುಡಚಿಯಂಥ ಸ್ಥಳೀಯ ತಳಿಗಳಿಗೆ ಬಿ.ಟಿ. ಜೀನ್ ಸೇರಿಸುವ ಕೆಲಸ ನಡೆದಿತ್ತು. ಜೀವವೈವಿಧ್ಯ ಕಾಯ್ದೆಯಡಿ ಪೂರ್ವಾನುಮತಿ ಪಡೆಯದೆ ಈ ತಳಿಗಳನ್ನು ಬಳಸಿದ್ದಾರೆ ಎಂಬ ದೂರು ಎದ್ದು, ಪ್ರಕರಣ ಕೋರ್ಟಿನ ಮೆಟ್ಟಿಲೇರಿತು.

ರೈತರ ಕಡೆಯಿಂದ ಕೇಳಿದರೆ ಮಾತು ಬದಲಾಗುತ್ತದೆ. ಬಾಂಗ್ಲಾದೇಶ 2013ರಲ್ಲಿ ಇದೇ ತಂತ್ರಜ್ಞಾನಕ್ಕೆ ಅನುಮತಿ ಕೊಟ್ಟು, ಮರುವರ್ಷ 20 ರೈತರಿಗೆ ಸಸಿ ಹಂಚಿ ಶುರು ಮಾಡಿತು. ಅಲ್ಲಿ ಇದನ್ನು ಬೆಳೆದವರಲ್ಲಿ ಔಷಧಿಯ ಖರ್ಚು ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಬಿ.ಟಿ. ತಡೆಯುವುದು ಕೊರಕ ಹುಳುವನ್ನು ಮಾತ್ರ. ಜಿಗಿಹುಳು, ಬಿಳಿನೊಣ, ನುಸಿಗೆ ಔಷಧಿ ತಪ್ಪಿದ್ದಲ್ಲ. ಬಿ.ಟಿ. ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ನಿರೋಧಶಕ್ತಿ ಬೆಳೆಸಿಕೊಂಡದ್ದು ರಾಯಚೂರು ಕಡೆಯ ಹತ್ತಿ ಬೆಳೆಗಾರರಿಗೆ ಹೊಸ ಸುದ್ದಿಯೇನಲ್ಲ. ಬದನೆಯಲ್ಲೂ ಹಾಗಾಗದಂತೆ ಸುತ್ತ ಸಾಮಾನ್ಯ ಬದನೆಯ ಸಾಲು ಬಿಡಬೇಕು, ಬಿ.ಟಿ.ಗೆ ಬಗ್ಗುವ ಹುಳುಗಳೂ ಉಳಿದು ಬೆರೆಯಲೆಂದು ಅದನ್ನು ಹುಳುವಿಗೆ ಒಪ್ಪಿಸಬೇಕು. ಹತ್ತು ಗುಂಟೆಯವನಿಗೆ ಇದನ್ನು ಹೇಳಿ ಒಪ್ಪಿಸುವವರು ಯಾರು?

ನನ್ನ ಅಭಿಪ್ರಾಯ ಕೇಳಿದರೆ, 2010ರ ತೀರ್ಮಾನದಲ್ಲಿ ತಪ್ಪಿರಲಿಲ್ಲ. ಆದರೆ ಅದು ನಿಷೇಧವಲ್ಲ, ಸ್ವತಂತ್ರ ಪರೀಕ್ಷೆಗಳು ಜನರಿಗೂ ವಿಜ್ಞಾನಿಗಳಿಗೂ ಸಮಾಧಾನ ತರುವವರೆಗಿನ ತಡೆ. ಪರೀಕ್ಷೆಯನ್ನು ಹಿಂದಕ್ಕೆ ಬಿಟ್ಟು ತಡೆಯನ್ನಷ್ಟೇ ಉಳಿಸಿಕೊಂಡರೆ ಅದು ಎಚ್ಚರಿಕೆ ಎನಿಸುವುದಿಲ್ಲ, ತೀರ್ಮಾನದಿಂದ ತಪ್ಪಿಸಿಕೊಳ್ಳುವ ಉಪಾಯವಾಗುತ್ತದೆ. 2020ರಲ್ಲಿ ಸಮಿತಿ ದೇಶೀಯವಾಗಿ ರೂಪಿಸಿದ ಬೇರೆರಡು ಬಿ.ಟಿ. ಬದನೆಗಳ ಕ್ಷೇತ್ರ ಪ್ರಯೋಗಕ್ಕೆ ಕರ್ನಾಟಕ ಸೇರಿ ಎಂಟು ರಾಜ್ಯಗಳಲ್ಲಿ ಅವಕಾಶ ಕೊಟ್ಟಿತು. ಮುಖ್ಯ ಷರತ್ತು: ಆಯಾ ರಾಜ್ಯದ ಒಪ್ಪಿಗೆ ಬೇಕು.

ಸಂತೆಯಲ್ಲಿ ಹುಳುವಿಲ್ಲದೆ ಹೊಳೆಯುವ ಬದನೆ ಕಂಡು ಬಿ.ಟಿ. ಇರಬಹುದೆಂದು ಅನುಮಾನಿಸುವವರೂ ಇದ್ದಾರೆ. 2019ರಲ್ಲಿ ಹರಿಯಾಣದ ಫತೇಹಾಬಾದಿನಲ್ಲಿ ಕಳ್ಳದಾರಿಯಲ್ಲಿ ಬಂದ ಬಿ.ಟಿ. ಬದನೆ ಸಿಕ್ಕಿದ್ದು ನಿಜ. ಆದರೆ ಕಣ್ಣಿನಿಂದ ನೋಡಿ ಗುರುತಿಸುವುದು ಸಾಧ್ಯವಿಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕು. ನಮ್ಮ ಸಂತೆಯ ಆ ಹೊಳಪಿಗೆ ಕಾರಣ ಔಷಧಿಯೇ ಆಗಿರುವ ಸಾಧ್ಯತೆ ಹೆಚ್ಚು. ಎಣ್ಣೆಗಾಯಿಗೆ ಸೀಳುವ ಮೊದಲು ಚೆನ್ನಾಗಿ ತೊಳೆಯಿರಿ.