ಸೆಮಿಸ್ಟರ್‌ಗೂ ಸೀಸನ್‌ಗೂ ತಾಳೆಯಾಗದ ಕತೆ

ಅಡಿಕೆ ಸುಲಿಯುವ ಮೆಷಿನ್ ಈಗ ಶಿರಸಿ ಕಡೆ ಯಾರಿಗೂ ಹೊಸದಲ್ಲ. ನಾನು ಚಿಕ್ಕವನಿದ್ದಾಗ ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿ ಹನ್ನೊಂದರವರೆಗೂ ಸುಲಿಯುತ್ತಿದ್ದರು. ಮಾತು, ನಗು ಎಲ್ಲ ಇರುತ್ತಿತ್ತು, ಬೆನ್ನುನೋವೂ ಇರುತ್ತಿತ್ತು. ಆ ಬೆನ್ನುನೋವಿಗೆ ಉತ್ತರ ಹುಡುಕಿದ್ದು ಹೆಚ್ಚಾಗಿ ಸಣ್ಣ ವರ್ಕ್‌ಶಾಪಿನವರು, ತೋಟದ ಕೆಲಸ ಬಲ್ಲವರು. ಇವತ್ತಿನ ಭಾಷೆಯಲ್ಲಿ ಅದೂ ಸ್ಟಾರ್ಟಪ್ಪೇ ಅಲ್ವಾ? ಆದರೆ ಆಗ ಹಾಗೆ ಕರೆಯುವವರು ಯಾರೂ ಇರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ 1923. ಆ ವರ್ಷ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಶುರುವಾಯಿತು. ಎಲ್ಲರ ಬಾಯಲ್ಲಿ ಅದು ಟಿಎಸ್‌ಎಸ್. ಬೆಳೆಗಾರ ಅಡಿಕೆ ತಂದು ಹಾಕಿದರೆ ಸೊಸೈಟಿಯೇ ಅದನ್ನು ವ್ಯಾಪಾರಿಗಳಿಗೆ ಮಾರಿಕೊಡುತ್ತದೆ. ಕೈ ಕಟ್ಟಿದಾಗ ಮುಂಗಡವೂ ಸಿಗುತ್ತದೆ. 2019ರಲ್ಲಿ ಶಿರಸಿ ಅಡಿಕೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಬೆಳೆ ಅನ್ನುವ ಭೌಗೋಳಿಕ ಗುರುತು ಬಂತು. ಅದಕ್ಕೆ ಅರ್ಜಿ ಹಾಕಿದ್ದೂ ಸೊಸೈಟಿಯೇ. ಬಂಡವಾಳ, ಮಾರುಕಟ್ಟೆ, ಬ್ರ್ಯಾಂಡು ಅನ್ನುವ ಪಾಠಗಳೆಲ್ಲ ಈ ಊರಿನಲ್ಲಿ ಕಾಲೇಜಿಗಿಂತ ಮೊದಲು ವಖಾರಿಯಲ್ಲಿ ನಡೆದವು.

ಕಾಲೇಜು ಕಲಿಸಿದ್ದು ಬೇರೆ ದಾರಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸ್ವಂತ ವಿಶ್ವವಿದ್ಯಾಲಯವಿಲ್ಲ. ಡಿಗ್ರಿಗೆ ಧಾರವಾಡ, ಎಂಜಿನಿಯರಿಂಗಿಗೆ ಬೆಳಗಾವಿ. ಡಿಗ್ರಿ ಅಂದರೆ ಬ್ಯಾಂಕು, ಸರ್ಕಾರಿ ಕೆಲಸ, ಆಮೇಲೆ ಬೆಂಗಳೂರು. ಕಾರವಾರದ ಕಡೆ ಕೈಗಾ ಅಣುಸ್ಥಾವರ ಬಂತು, ಸೀಬರ್ಡ್ ನೌಕಾನೆಲೆ ಬಂತು. ಇವುಗಳಿಗೆ ಜಮೀನು ಕೊಟ್ಟವರು ಕೇಳಿದ್ದೂ ನೌಕರಿಯನ್ನೇ. ತಪ್ಪು ಅಂತ ಹೇಳುವ ಧೈರ್ಯ ನನಗಿಲ್ಲ.

ಉದ್ಯಮವನ್ನು ಕಲಿಸಬಹುದು ಅನ್ನುವ ಯೋಚನೆ ಈ ಭಾಗಕ್ಕೆ ಬಂದದ್ದು ವಿಶ್ವವಿದ್ಯಾಲಯದ ಬಾಗಿಲಿನಿಂದಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಕೆಲವೇ ವಾರಗಳ ತರಬೇತಿ, ಊಟ ವಸತಿ ಅಲ್ಲೇ, ಮುಗಿದ ಮೇಲೆ ಬ್ಯಾಂಕ್ ಸಾಲಕ್ಕೆ ದಾರಿ. ಇದನ್ನೇ ಮಾದರಿಯಾಗಿಟ್ಟುಕೊಂಡು ಆಮೇಲೆ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗೂ ಆರ್‌ಸೆಟಿಗಳನ್ನು, ಅಂದರೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ತಂದಿತು. ನಮ್ಮಲ್ಲಿ ಹಳಿಯಾಳದಲ್ಲಿದೆ. ಮೊಬೈಲ್ ರಿಪೇರಿ, ಹೊಲಿಗೆ, ಹೈನುಗಾರಿಕೆಯಂಥ ಕೆಲಸ. ಡಿಗ್ರಿ ಓದುವವರು ಅತ್ತ ತಲೆ ಹಾಕಿದ್ದು ಕಡಿಮೆ.

ಎಂಜಿನಿಯರಿಂಗಿನಲ್ಲೂ ಉದ್ಯಮಶೀಲತೆ ಒಂದು ವಿಷಯವಾಗಿ ಸೇರಿತು. ಉದ್ಯಮಿಯ ಗುಣಗಳನ್ನು ಬರೆಯಿರಿ, ಇಷ್ಟು ಅಂಕ. ಅಷ್ಟೇ.

ನಿಜವಾದ ತಿರುವು 2015ರ ಸುಮಾರಿಗೆ. ಆ ವರ್ಷ ಐಸಿಎಆರ್ (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಕೃಷಿ ಮತ್ತು ಅದಕ್ಕೆ ಸಂಬಂಧಿಸಿದ ಪದವಿಗಳಿಗೆ ಸ್ಟೂಡೆಂಟ್ ರೆಡಿ ಅನ್ನುವ ಕಾರ್ಯಕ್ರಮ ತಂದಿತು. ಶಿರಸಿಯ ಅರಣ್ಯ ಕಾಲೇಜಿನಂಥ ಕಡೆ ಓದುವವರಿಗೂ ಅದು ಅನ್ವಯ. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳೇ ಏನಾದರೂ ಬೆಳೆಸಿ, ತಯಾರಿಸಿ, ಮಾರಿ ಕಲಿಯಬೇಕು. ಪರೀಕ್ಷೆಯಲ್ಲಿ ಗುಣಗಳನ್ನು ಬರೆಯುವುದಕ್ಕಿಂತ ಇದು ಎಷ್ಟೋ ವಾಸಿ. ಅದೇ ವರ್ಷ ರಾಜ್ಯದ ಸ್ಟಾರ್ಟಪ್ ನೀತಿ ಬಂತು, 2016ರ ಜನವರಿಯಲ್ಲಿ ಕೇಂದ್ರದ ಸ್ಟಾರ್ಟಪ್ ಇಂಡಿಯಾ. 2018ರಿಂದ ಕಾಲೇಜುಗಳಲ್ಲಿ ಇನ್ನೋವೇಶನ್ ಕೌನ್ಸಿಲ್‌ಗಳು ಶುರುವಾದವು. ಕೌನ್ಸಿಲ್ ಅಂದರೆ ಎಷ್ಟೋ ಕಡೆ ಬ್ಯಾನರು, ಭಾಷಣ, ಫೋಟೋ. ಸುಮ್ನೆ ಹೇಳುತ್ತಿಲ್ಲ, ಅಂಥ ಎರಡು ಕಾರ್ಯಕ್ರಮಗಳಲ್ಲಿ ನಾನೇ ಕೂತು ಆಕಳಿಸಿದ್ದೇನೆ.

ಆದರೆ ನನ್ನ ತಕರಾರು ಬ್ಯಾನರಿನ ಬಗ್ಗೆ ಅಲ್ಲ, ಕ್ಯಾಲೆಂಡರಿನ ಬಗ್ಗೆ.

ನಮ್ಮ ಕಾಡಿನ ಹುಳಿ ಹಣ್ಣು ಉಪ್ಪಾಗೆಯನ್ನೇ ತೆಗೆದುಕೊಳ್ಳಿ. ಅದರ ಸಿಪ್ಪೆಯಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಇದೆ. ತೂಕ ಇಳಿಸುವ ಔಷಧಿಗೆ ಅಂತ 1990ರ ದಶಕದಲ್ಲಿ ಹೊರದೇಶಗಳಿಂದ ಬೇಡಿಕೆ ಬಂದು ರೇಟು ಏರಿತು. ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲ, ಹಾಗಾಗಿ ಬೆಂಕಿ ಹಾಕಿಯೇ ಒಣಗಿಸಬೇಕು. ಅದಕ್ಕೆ ಕಾಡಿನ ಸೌದೆ ರಾಶಿ ರಾಶಿ ಬೇಕು. ಕಡಿಮೆ ಸೌದೆಯಲ್ಲಿ ಒಣಗಿಸುವ ಡ್ರೈಯರ್ ಮಾಡುವುದು ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಪ್ರಾಜೆಕ್ಟು. ಆದರೆ ಪ್ರಾಜೆಕ್ಟಿನ ವರದಿ ಸಾಮಾನ್ಯವಾಗಿ ಬೇಸಿಗೆಯಲ್ಲೇ ಕೊಡಬೇಕು. ಜೂನ್ ಹೊತ್ತಿಗೆ ಹಣ್ಣು ಬರುವಾಗ ಮಾಡಿದವರು ಪಾಸಾಗಿ ಹೊರಟಿರುತ್ತಾರೆ. ಡ್ರೈಯರ್ ಮಾತ್ರ ಲ್ಯಾಬಿನ ಮೂಲೆಯಲ್ಲಿ.

ಕಾರವಾರದಲ್ಲೂ ಇದೇ ಕತೆ. ಮಾಜಾಳಿಯ ಕಾಲೇಜಿನ ಹುಡುಗನೊಬ್ಬ ಐಸ್ ಬೇಗ ಕರಗದ ಮೀನಿನ ಪೆಟ್ಟಿಗೆ ಮಾಡಿದ ಅಂದುಕೊಳ್ಳಿ. ರಜೆಯಲ್ಲಿ ಬೈತಖೋಲ ಬಂದರಿಗೆ ಒಯ್ದರೆ ಬೋಟುಗಳೆಲ್ಲ ಲಂಗರು ಹಾಕಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟಿನಲ್ಲಿ ಬೋಟು ಹೊರಟರೆ ಇವನಿಗೆ ಅಟೆಂಡೆನ್ಸ್ ಚಿಂತೆ. ಅಡಿಕೆ ಸುಲಿಯುವ ಹಂಗಾಮಿಗೂ ಸೆಮಿಸ್ಟರ್ ಪರೀಕ್ಷೆಗೂ ಹೀಗೇ ಗುದ್ದಾಟ. ಬೆಂಗಳೂರಿನಲ್ಲಿ ಆ್ಯಪ್ ಮಾಡುವವನಿಗೆ ಈ ತೊಂದರೆ ಇಲ್ಲ. ಅವನ ಗಿರಾಕಿ ಹನ್ನೆರಡು ತಿಂಗಳೂ ಮೊಬೈಲ್ ಹಿಡಿದೇ ಇರುತ್ತಾನೆ.

ಇದಕ್ಕೆ ಮದ್ದು ಇಲ್ಲದೇ ಇಲ್ಲ. 2019ರ ರಾಷ್ಟ್ರೀಯ ಇನ್ನೋವೇಶನ್ ಮತ್ತು ಸ್ಟಾರ್ಟಪ್ ನೀತಿಯನ್ನು ಓದಿದವರು ಕಡಿಮೆ. ಅದು ಕಾಲೇಜುಗಳಿಗೆ ಕೊಟ್ಟ ಮಾರ್ಗಸೂಚಿ. ಸ್ಟಾರ್ಟಪ್ ಮಾಡುತ್ತಿರುವ ವಿದ್ಯಾರ್ಥಿಗೆ ಹಾಜರಿ ಕಡಿಮೆಯಿದ್ದರೂ ಪರೀಕ್ಷೆಗೆ ಕೂರಲು ಬಿಡಬಹುದು ಅಂತ ಅದರಲ್ಲಿದೆ. ಓದಿಗೆ ಸ್ವಲ್ಪ ಕಾಲ ಬಿಡುವು ಕೊಟ್ಟು ಮತ್ತೆ ಸೇರಿಸಿಕೊಳ್ಳಬಹುದು ಅಂತಲೂ ಇದೆ. ಕಾಲೇಜು ನೆರವು ಕೊಟ್ಟದ್ದಕ್ಕೆ ಕಂಪನಿಯಲ್ಲಿ ಶೇ 2ರಿಂದ 9.5ರವರೆಗೆ ಪಾಲು ಪಡೆಯಬಹುದು ಅನ್ನುವ ಲೆಕ್ಕವೂ ಉಂಟು.

ಅಂದರೆ ಉಪ್ಪಾಗೆ ಡ್ರೈಯರ್ ಮಾಡಿದ ಹುಡುಗಿಗೆ ಒಂದು ಮಳೆಗಾಲ ಬಿಡುವು ಕೊಡಲು ಕಾಗದದಲ್ಲಿ ಅಡ್ಡಿಯಿಲ್ಲ. ಕಾಲೇಜಿನ ಆಫೀಸಿಗೆ ಆ ಅರ್ಜಿ ಕೊಡುವ ಮೊದಲ ಹುಡುಗಿ ಯಾರು, ಮನೆಯಲ್ಲಿ ಅಪ್ಪನಿಗೆ ಅದನ್ನು ಹೇಳುವುದು ಹೇಗೆ ಅನ್ನುವುದು ಬೇರೆ ಮಾತು.