ಹೇಳಿದ್ದು ಒಂದು, ಬರೆದದ್ದು ಇನ್ನೊಂದು

ಕ್ರಿಮಿನಲ್ ಕೇಸು ಬಿದ್ದು ಹೋಗುವುದು ಕೋರ್ಟಿನಲ್ಲಿ ಅಂತ ಜನ ತಿಳಿದುಕೊಂಡಿದ್ದಾರೆ. ನಾನು ನೋಡಿದ ಹಾಗೆ ಎಷ್ಟೋ ಕೇಸುಗಳು ಠಾಣೆಯ ಮೇಜಿನ ಮುಂದೆ, ಮೊದಲ ಅರ್ಧ ಗಂಟೆಯಲ್ಲೇ ಬಿದ್ದಿರುತ್ತವೆ. ಅದು ಹೊರಗೆ ಗೊತ್ತಾಗಲು ಮೂರ್ನಾಲ್ಕು ವರ್ಷ ಹಿಡಿಯುತ್ತದೆ, ಅಷ್ಟೆ. ಸಾಕ್ಷಿಗಳು ಇರುತ್ತಾರೆ. ಅವರು ನಿಜವನ್ನೇ ಹೇಳಿರುತ್ತಾರೆ. ಆದರೆ ಅದನ್ನು ಸರಿಯಾಗಿ ಕೇಳಿಸಿಕೊಂಡವರು ಇರುವುದಿಲ್ಲ.

ಮಂಗಳೂರು, ಉಡುಪಿಯ ಕೋರ್ಟುಗಳಲ್ಲಿ ನಾನು ಹೆಚ್ಚಾಗಿ ಆರೋಪಿಗಳ ಪರ ವಾದ ಮಾಡುವವನು. ದೋಷಾರೋಪಣ ಪಟ್ಟಿ ಕೈಗೆ ಬಂದ ಕೂಡಲೇ ಮೊದಲು ತೆರೆಯುವುದು ಸಾಕ್ಷಿಗಳ ಹೇಳಿಕೆಗಳನ್ನು. ಒಂದು ಹೊಡೆದಾಟದ ಕೇಸು ಅಂತ ಇಟ್ಟುಕೊಳ್ಳಿ. ಐದು ಮಂದಿ ಸಾಕ್ಷಿಗಳು. ಒಬ್ಬರು ಮಲ್ಪೆ ಬಂದರಿನಲ್ಲಿ ಮೀನು ಹೊರುವವರು, ಇನ್ನೊಬ್ಬರು ನಿವೃತ್ತ ಟೀಚರ್, ಮತ್ತೊಬ್ಬರು ರಿಕ್ಷಾ ಡ್ರೈವರ್. ಐದೂ ಹೇಳಿಕೆಗಳಲ್ಲಿ ಒಂದೇ ಸಾಲು: ‘ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಕಾಲಿನಿಂದ ತುಳಿದು, ಜೀವ ಬೆದರಿಕೆ ಒಡ್ಡಿರುತ್ತಾರೆ.’ ಅಲ್ಪವಿರಾಮ ಕೂಡ ಬದಲಾಗಿರುವುದಿಲ್ಲ. ಐದು ಮಂದಿ ಐದು ಕಡೆ ನಿಂತು ನೋಡಿದ್ದು ಇಷ್ಟು ಒಂದೇ ಥರ ಇರಲು ಸಾಧ್ಯವೇ ಇಲ್ಲ. ರೈಟರ್, ಅಂದರೆ ಠಾಣೆಯಲ್ಲಿ ಬರವಣಿಗೆ ನೋಡಿಕೊಳ್ಳುವ ಪೊಲೀಸರು, ಒಬ್ಬ ಸಾಕ್ಷಿಯದ್ದನ್ನು ಟೈಪ್ ಮಾಡಿ, ಉಳಿದವರದ್ದಕ್ಕೆ ಹೆಸರು, ವಯಸ್ಸು, ವಿಳಾಸ ಮಾತ್ರ ಬದಲಿಸಿದ್ದಾರೆ. ಇದು ನನಗೆ ಕಂಡ ಹಾಗೆ ನ್ಯಾಯಾಧೀಶರಿಗೂ ಕಾಣುತ್ತದೆ.

ಕಾನೂನು ಇದನ್ನು ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 161, ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹೇಳಿಕೆ ಬರೆದುಕೊಳ್ಳುವುದಾದರೆ ಒಬ್ಬೊಬ್ಬರದ್ದನ್ನೂ ಬೇರೆಯಾಗಿ, ಹೇಳಿದಂತೆಯೇ ಬರೆಯಬೇಕು. ಆಡಿಯೊ, ವಿಡಿಯೊ ರೆಕಾರ್ಡ್ ಮಾಡಲೂ ಅಲ್ಲೇ ಅವಕಾಶ ಇದೆ. ಕಡ್ಡಾಯ ಅಲ್ಲ. ಆದರೂ ಗಂಭೀರ ಕೇಸುಗಳಲ್ಲಿ ಮಾಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಯಾಕೆ ಅಂದರೆ, ಪೊಲೀಸರ ಮುಂದೆ ಕೊಟ್ಟ ಹೇಳಿಕೆ ತಾನೇ ಸಾಕ್ಷ್ಯ ಆಗುವುದಿಲ್ಲ. ಸಾಕ್ಷಿ ಕೋರ್ಟಿನಲ್ಲಿ ಹೇಳುವುದಕ್ಕೂ ಅದಕ್ಕೂ ವ್ಯತ್ಯಾಸ ಇದೆ ಅಂತ ತೋರಿಸಲಿಕ್ಕೇ ಅದು ಮುಖ್ಯವಾಗಿ ಬಳಕೆಯಾಗುವುದು. ಮುಖ್ಯ ಸಂಗತಿಯೊಂದು ಬಿಟ್ಟುಹೋಗಿದ್ದರೆ ಅದನ್ನೂ ವ್ಯತ್ಯಾಸ ಅಂತ ಕೋರ್ಟು ಪರಿಗಣಿಸಬಹುದು. ಪೆಟ್ಟು ತಿಂದ ಹೆಂಗಸು ಕಟಕಟೆಯಲ್ಲಿ ನಿಂತು ‘ಅವನ ಕೈಯಲ್ಲಿ ಕತ್ತಿ ಇತ್ತು’ ಅನ್ನುತ್ತಾರೆ. ಹೇಳಿಕೆಯಲ್ಲಿ ಕತ್ತಿ ಇಲ್ಲ. ‘ಕೈಯಿಂದ ಹೊಡೆದು’ ಅಂತ ಮಾತ್ರ ಇದೆ. ಪಾಟಿ ಸವಾಲು ಹೀಗೆ ನಡೆಯುತ್ತದೆ:

‘ಕತ್ತಿ ವಿಷಯ ನೀವು ಪೊಲೀಸರಿಗೆ ಹೇಳಿಲ್ಲ ಅಲ್ವಾ ಅಮ್ಮ?’

‘ಹೇಳಿದ್ದೇನೆ ಸರ್.’

‘ನಿಮ್ಮ ಹೇಳಿಕೆಯಲ್ಲಿ ಎಲ್ಲೂ ಇಲ್ಲವಲ್ಲ?’

‘ಅವರು ಎಂತ ಬರೆದಿದ್ದಾರೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಸರ್?’

ಆಮೇಲೆ ತನಿಖಾಧಿಕಾರಿ ಬರುತ್ತಾರೆ. ಅವರಿಗೂ ಅದೇ ಪ್ರಶ್ನೆ. ಕಾಗದ ನೋಡಿ, ‘ಸಾಕ್ಷಿ ನನ್ನ ಮುಂದೆ ಹಾಗೆ ಹೇಳಿಲ್ಲ’ ಅನ್ನುತ್ತಾರೆ. ಅವರಾದರೂ ಏನು ಮಾಡಿಯಾರು? ಎಷ್ಟೋ ವರ್ಷದ ಹಿಂದೆ ಠಾಣೆಯಲ್ಲಿ ಯಾರು ಏನು ಮಾತಾಡಿದರು ಅಂತ ಯಾರಿಗೆ ನೆನಪಿರುತ್ತದೆ? ಅಲ್ಲಿಗೆ ಆ ಹೆಂಗಸು ಆಮೇಲೆ ಕಟ್ಟಿ ಹೇಳಿದವರು ಅಂತಾಯಿತು. ನಾನು ಆ ಪ್ರಶ್ನೆ ಕೇಳಲೇಬೇಕು. ಕಕ್ಷಿದಾರನಿಗೆ ನಾನು ಸಲ್ಲಿಸಬೇಕಾದ ಕೆಲಸ ಅದು. ಆದರೆ ನಿಜ ಹೇಳಿದವರು ಸುಳ್ಳು ಹೇಳಿದ ಹೆಸರು ಹೊತ್ತು ಮನೆಗೆ ಹೋಗುವುದು ಅನ್ಯಾಯ.

ಅನ್ಯಾಯ ಆ ಕಡೆಗೆ ಮಾತ್ರ ಆಗುವುದೂ ಅಲ್ಲ. ಜಗಳ ಬಿಡಿಸಲು ಬಂದ ಹುಡುಗನ ಹೆಸರನ್ನೂ ಅದೇ ಸಾಲಿಗೆ ಸೇರಿಸಿ ‘ಎಲ್ಲರೂ ಸೇರಿ ಹೊಡೆದಿರುತ್ತಾರೆ’ ಅಂತ ಬರೆದುಬಿಡುತ್ತಾರೆ. ಯಾರು ಏನು ಮಾಡಿದರು ಅಂತ ಒಬ್ಬೊಬ್ಬರ ಬಾಯಿಂದ ಕೇಳಿದ್ದರೆ ಅವನು ಸಾಕ್ಷಿಯಾಗುತ್ತಿದ್ದ. ಈಗ ಆರೋಪಿ. ಪಾಸ್‌ಪೋರ್ಟ್, ಗಲ್ಫಿನ ಕೆಲಸ ಎಲ್ಲ ಕೇಸು ಮುಗಿಯುವ ತನಕ ತೂಗಾಡುತ್ತಿರುತ್ತದೆ. ನಮ್ಮ ಜಿಲ್ಲೆಗಳಲ್ಲಿ ಇದರ ಬಿಸಿ ಎಷ್ಟು ಅಂತ ನಿಮಗೂ ಗೊತ್ತು.

ಪೊಲೀಸರಿಗೆ ಕೆಲಸ ಜಾಸ್ತಿ. ಜಾತ್ರೆ, ಮೆರವಣಿಗೆ, ಗಣ್ಯರ ಬಂದೋಬಸ್ತು, ರಾತ್ರಿ ಬೀಟು ಎಲ್ಲ ಮುಗಿಸಿ ಕುಳಿತವರಿಗೆ ತಾಳ್ಮೆಯಿಂದ ಕೇಳಿ ಅನ್ನುವುದು ಸುಲಭ. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ, ಕೇಳಿಸಿಕೊಳ್ಳುವುದು ಸೌಜನ್ಯದ ವಿಷಯ ಮಾತ್ರ ಅಲ್ಲ. ಅದೇ ತನಿಖೆ.

ಒಂದು ಸರಗಳ್ಳತನ ತಗೊಳ್ಳಿ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೀಗೆ ಕಿತ್ತುಕೊಂಡು ಹೋಗುವುದಕ್ಕೆ 304 ಅಂತ ಬೇರೆ ಕಲಮೇ ಇದೆ. ಉಡುಪಿಯ ಕಲ್ಸಂಕದಲ್ಲಿ ಬಸ್ಸಿಳಿದು ಮನೆಗೆ ನಡೆದು ಹೋಗುತ್ತಿದ್ದ ಎಪ್ಪತ್ತರ ಅಮ್ಮ ಅಂತ ಇಟ್ಟುಕೊಳ್ಳೋಣ. ‘ಬೈಕಿನ ನಂಬರ್?’ ‘ನೋಡಿಲ್ಲ.’ ‘ಬಣ್ಣ?’ ‘ಕಪ್ಪು ಇರಬೇಕು.’ ‘ಹೆಲ್ಮೆಟ್ ಇತ್ತಾ?’ ‘ಇತ್ತು.’ ‘ಸರ ಎಷ್ಟು ಪವನಿನದ್ದು?’ ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ಸಿಕ್ಕಿದ್ದು ಏನೂ ಇಲ್ಲ.

ಇದನ್ನೇ ಬೇರೆ ಥರ ಕೇಳಬಹುದು. ‘ಅಮ್ಮ, ಮೊದಲು ನೀರು ಕುಡೀರಿ. ಬಸ್ಸಿಳಿದಲ್ಲಿಂದ ಹೇಳ್ತಾ ಬನ್ನಿ. ನಾನು ನಡುವೆ ಮಾತಾಡುವುದಿಲ್ಲ.’ ಅವರು ತರಕಾರಿ ಚೀಲದಿಂದ ಶುರು ಮಾಡುತ್ತಾರೆ. ಚಪ್ಪಲಿಯ ಬಾರು ಕಿತ್ತುಹೋದದ್ದು ಹೇಳುತ್ತಾರೆ. ಅದನ್ನು ಸರಿ ಮಾಡಿಕೊಳ್ಳಲು ಅಂಗಡಿಯ ಎದುರು ನಿಂತಾಗ ಅದೇ ಬೈಕು ಒಮ್ಮೆ ದಾಟಿ ಹೋಗಿ ತಿರುಗಿ ಬಂತು ಅನ್ನುವುದು ಆಗ ನೆನಪಾಗುತ್ತದೆ. ಹಿಂದೆ ಕುಳಿತವನು ದೇವಸ್ಥಾನದ ದಾರಿ ಕೇಳಿದ್ದ. ಇವರು ತುಳುವಿನಲ್ಲಿ ಹೇಳಿದರೆ ಅವನಿಗೆ ಅರ್ಥ ಆಗಲಿಲ್ಲ. ನೋಡಿ, ಈಗ ಅಂಗಡಿಯ ಸಿಸಿಟಿವಿ ಇದೆ, ಬೈಕು ತಿರುಗಿದ ಜಾಗ ಇದೆ, ಬಂದವರು ಈ ಊರಿನವರಲ್ಲ ಅನ್ನುವ ಸುಳಿವಿದೆ. ಚಪ್ಪಲಿಯ ಕತೆಯನ್ನು ‘ಅದೆಲ್ಲ ಬೇಡ’ ಅಂತ ತಡೆದಿದ್ದರೆ ಇದ್ಯಾವುದೂ ಬರುತ್ತಿರಲಿಲ್ಲ. ಅಂದ ಹಾಗೆ, ಹೆಂಗಸರನ್ನು, 60 ದಾಟಿದವರನ್ನು ಸಾಕ್ಷಿಯಾಗಿ ಠಾಣೆಗೆ ಬನ್ನಿ ಅಂತ ಕರೆಯುವ ಹಾಗಿಲ್ಲ. ಅವರಿರುವ ಮನೆಗೇ ಹೋಗಬೇಕು. ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಅದನ್ನೇ ಹೇಳುತ್ತದೆ.

ಈ ರೀತಿಗೆ ಶಾಸ್ತ್ರದ ಬೆಂಬಲ ಇದೆ. ಅಮೆರಿಕದ ಮನಃಶಾಸ್ತ್ರಜ್ಞರಾದ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸಲ್‌ಮನ್ 1980ರ ದಶಕದಲ್ಲಿ ರೂಪಿಸಿದ ‘ಕಾಗ್ನಿಟಿವ್ ಇಂಟರ್‌ವ್ಯೂ’ ಪದ್ಧತಿಯ ತಿರುಳೇ ಇದು. ಘಟನೆ ನಡೆದ ಜಾಗಕ್ಕೆ ಸಾಕ್ಷಿಯ ಮನಸ್ಸನ್ನು ಮರಳಿ ಕರೆದೊಯ್ಯಿರಿ, ಚಿಲ್ಲರೆ ಅನ್ನಿಸಿದ್ದನ್ನೂ ಹೇಳಲು ಬಿಡಿ, ನಡುವೆ ಬಾಯಿ ಹಾಕಬೇಡಿ. ಬ್ರಿಟನ್ನಿನಲ್ಲಿ ಪಾಠ ಕಲಿಯಲು ದೊಡ್ಡ ಬೆಲೆ ತೆತ್ತರು. ಬಾಂಬ್ ಸ್ಫೋಟದ ಕೇಸಿನಲ್ಲಿ 1975ರಲ್ಲಿ ಶಿಕ್ಷೆಯಾದ ಗಿಲ್ಡ್‌ಫರ್ಡ್‌ನ ನಾಲ್ವರು 1989ರಲ್ಲಿ, ಬರ್ಮಿಂಗ್‌ಹ್ಯಾಮ್‌ನ ಆರು ಮಂದಿ 1991ರಲ್ಲಿ ಶಿಕ್ಷೆ ರದ್ದಾಗಿ ಬಿಡುಗಡೆಯಾದರು. ಅಷ್ಟೂ ವರ್ಷ ಅವರನ್ನು ಜೈಲಿನಲ್ಲಿಟ್ಟದ್ದು ಮುಖ್ಯವಾಗಿ ಪೊಲೀಸರ ಮುಂದೆ ಬಂದ ತಪ್ಪೊಪ್ಪಿಗೆಗಳು. ಆಮೇಲೆ 1990ರ ದಶಕದಲ್ಲಿ ಅಲ್ಲಿ ವಿಚಾರಣೆಯ ತರಬೇತಿಯನ್ನೇ ಬದಲಿಸಿದರು. ತಪ್ಪು ಒಪ್ಪಿಸುವುದು ಗುರಿ ಅಲ್ಲ, ಮಾಹಿತಿ ಪಡೆಯುವುದು ಗುರಿ ಅಂತ ಕಲಿಸಿದರು. ನಮ್ಮ ಕಾನೂನಿನಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವ ಹಾಗೇ ಇಲ್ಲ. ಆದರೂ ಅದರ ಹಿಂದೆ ಓಡುವುದು ನಿಂತಿಲ್ಲ. ಸುಮ್ನೆ ಶಕ್ತಿ ಹಾಳು.

ನಮ್ಮ ಕಡೆ ಭಾಷೆಯದ್ದೂ ಒಂದು ತೊಡಕಿದೆ. ಬರುವವರು ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ ಆಡುವವರು. ಠಾಣೆಯಲ್ಲಿ ಅನೇಕರು ಘಟ್ಟದ ಮೇಲಿನಿಂದ ಬಂದವರು. ಬಂದ ಕೆಲವೇ ದಿನಕ್ಕೆ ‘ದಾದ ಆಂಡ್ ಅಮ್ಮ?’ (ಏನಾಯ್ತು ಅಮ್ಮ?) ಅಂತ ತುಳುವಿನಲ್ಲಿ ಕೇಳಲು ಕಲಿತ ಕಾನ್‌ಸ್ಟೇಬಲ್‌ಗಳಿದ್ದಾರೆ. ಅವರ ಬಗ್ಗೆ ನನಗೆ ನಿಜವಾದ ಗೌರವ ಇದೆ. ಎಷ್ಟು ಬೇಗ ಜನ ಅವರ ಮುಂದೆ ಮನಸ್ಸು ಬಿಚ್ಚುತ್ತಾರೆ ಅಂತ ಕಣ್ಣಾರೆ ನೋಡಿದ್ದೇನೆ. ಭಾಷೆ ಬಾರದಿದ್ದರೆ ಬಲ್ಲವರನ್ನು ಕೂರಿಸಿಕೊಳ್ಳಲಿ. ಅವರ ಹೆಸರನ್ನೂ ಹೇಳಿಕೆಯಲ್ಲಿ ಬರೆಯಲಿ. ಮಕ್ಕಳ ವಿಷಯದಲ್ಲಿ, ಅವರ ಮೇಲಿನ ಲೈಂಗಿಕ ಅಪರಾಧಗಳಿಗೆ ಇರುವ ಪೋಕ್ಸೊ ಕಾಯ್ದೆ ಇದನ್ನೆಲ್ಲ ಆಗಲೇ ಹೇಳಿದೆ: ಸಮವಸ್ತ್ರದಲ್ಲಿ ಹೋಗಬಾರದು, ಮಗು ನಂಬುವವರು ಜೊತೆಗಿರಬೇಕು, ಮಗು ಆಡಿದ ಮಾತನ್ನೇ ಬರೆಯಬೇಕು, ಬೇಕಾದರೆ ಅನುವಾದಕರ ಸಹಾಯ ಪಡೆಯಬಹುದು. ಆಡಿದ ಮಾತನ್ನೇ ಬರೆಯುವ ಆ ಒಂದು ನಿಯಮವನ್ನು ದೊಡ್ಡವರಿಗೂ ರೂಢಿ ಮಾಡಿಕೊಂಡರೆ ನಾನು ಮೇಲೆ ಹೇಳಿದ ಅರ್ಧ ತೊಂದರೆ ಹೋಗುತ್ತದೆ.

ದೂರು ಕೊಟ್ಟ ಮೇಲಿನ ಮೌನವೂ ಕೆಟ್ಟದ್ದೇ. ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ ಅಥವಾ ನೊಂದವರಿಗೆ 90 ದಿನದೊಳಗೆ ತಿಳಿಸಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಈಗ ಹೇಳುತ್ತದೆ. ಫೋನಿನಲ್ಲಿ ಒಂದು ಮೆಸೇಜ್ ಹಾಕಿದರೂ ನಡೆಯುತ್ತದೆ.

ನೀವು ದೂರು ಕೊಡಲು ಹೋಗುವವರಾದರೆ, ನಡೆದದ್ದನ್ನು ನಿಮ್ಮದೇ ಮಾತಿನಲ್ಲಿ ಮೊದಲೇ ಬರೆದುಕೊಂಡು ಹೋಗಿ. ಯಾರು, ಎಲ್ಲಿ ನಿಂತು, ಕೈಯಲ್ಲಿ ಏನು ಹಿಡಿದು, ಯಾವ ಮಾತು ಆಡಿದರು, ಅಷ್ಟು ಇರಲಿ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡರೆ ಅದನ್ನು ನಿಮಗೆ ಓದಿ ಹೇಳಬೇಕು. ಓದಿಸಿ ಕೇಳಿ, ಬಿಟ್ಟುಹೋದದ್ದನ್ನು ಸೇರಿಸಿದ ಮೇಲೆ ಸಹಿ ಹಾಕಿ. ಪ್ರಥಮ ವರ್ತಮಾನ ವರದಿಯ (ಎಫ್‌ಐಆರ್) ಪ್ರತಿ ಉಚಿತ, ಕೇಳಿ ಪಡೆಯಿರಿ. ತನಿಖೆಯಲ್ಲಿ ಸಾಕ್ಷಿಯಾಗಿ ಕೊಡುವ ಹೇಳಿಕೆಗೆ ಮಾತ್ರ ಸಹಿ ಹಾಕುವ ಹಾಗಿಲ್ಲ, ಯಾರೇ ಕೇಳಿದರೂ. ದೂರು ದಾಖಲಿಸಲು ಠಾಣೆ ಒಪ್ಪದಿದ್ದರೆ ಅದರ ಸಾರಾಂಶವನ್ನು ಬರೆದು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಮಂಗಳೂರು ನಗರದೊಳಗಿನವರಾದರೆ ಕಮಿಷನರಿಗೆ. ಅಲ್ಲೂ ಕೆಲಸ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಕಳಿಸಿದ ಅಂಚೆ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಆಗ ಅದು ಬೇಕಾಗುತ್ತದೆ.