ಪಂಢರಪುರಕ್ಕೆ ಹೋಗಿ ಬನ್ನಿ, ಮಾಸ್ತರಿಗೆ ಹೇಳಿ ಹೋಗಿ

ಕಲಬುರಗಿ, ಯಾದಗಿರಿ ಕಡೆಯ ಸರ್ಕಾರಿ ಶಾಲೆಯಲ್ಲಿ ಹಾಜರಿ ಪುಸ್ತಕ ಇದ್ದರೆ ಪಂಚಾಂಗ ಬೇಕಿಲ್ಲ, ಮಕ್ಕಳು ಯಾವಾಗ ಗೈರು ಅಂತ ನೋಡಿದರೆ ಸಾಕು. ಆಷಾಢ ಏಕಾದಶಿಗೆ ಪಂಢರಪುರ, ಸಂಕ್ರಾಂತಿಗೆ ಮೈಲಾಪುರ, ಯುಗಾದಿ ಹತ್ತಿರ ಬಂತೆಂದರೆ ಶ್ರೀಶೈಲ. ನಡುನಡುವೆ ಮದುವೆ, ಜವಳ. ಮನೆಮಂದಿಯೆಲ್ಲ ಹೊರಟಾಗ ಮಗುವನ್ನು ಯಾರ ಹತ್ತಿರ ಬಿಡಬೇಕು, ಅಲ್ವಾ? ರಜೆಯಲ್ಲೇ ಹೋಗಿ ಅನ್ನುವುದು ಸುಲಭ. ಮೈಲಾಪುರದ ಮೈಲಾರಲಿಂಗನ ಜಾತ್ರೆ ದಸರಾ ರಜೆಗೆ ಬರುತ್ತದೆಯೇ?

ಶಿಕ್ಷಕನಾಗಿ ನಾನು ಮೊದಲು ಕೇಳುವುದು ಮಗು ಯಾವ ತರಗತಿ ಅಂತ. ಒಂದರಿಂದ ಮೂರನೇ ತರಗತಿವರೆಗೆ ನಮ್ಮಲ್ಲಿ ನಲಿ-ಕಲಿ, ಅಂದರೆ ನಲಿಯುತ್ತ ಕಲಿಯುವ ಪದ್ಧತಿ ಇದೆ. ಅಲ್ಲಿ ಪ್ರತಿ ಮಗುವಿಗೂ ಅದರದ್ದೇ ಮೆಟ್ಟಿಲು. ನಾಲ್ಕು ದಿನ ಬಿಟ್ಟು ಬಂದರೂ ನಿಂತ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು.

ತೊಂದರೆ ಶುರುವಾಗುವುದು ನಾಲ್ಕನೇ ತರಗತಿಯಿಂದ. ಇಲ್ಲಿ ಇಡೀ ಕ್ಲಾಸು ಒಟ್ಟಿಗೆ ಸಾಗುತ್ತದೆ. ಭಾಗಾಕಾರ ನಡೆಯುವಾಗ ಊರಿಗೆ ಹೋದ ಹುಡುಗ ಬಂದ ಮೇಲೆ ಗೆಳೆಯನ ನೋಟ್ಸ್ ಬರೆದುಕೊಳ್ಳುತ್ತಾನೆ. ಅಕ್ಷರ ದುಂಡಗೆ, ಲೆಕ್ಕವೂ ಸರಿ. ಆಮೇಲೆ 612ನ್ನು 6ರಿಂದ ಭಾಗಿಸು ಅಂದರೆ 12 ಅಂತ ಬರೆಯುತ್ತಾನೆ. ಆರು ಒಂದ್ಲ ಆರು, ಆರು ಎರಡ್ಲ ಹನ್ನೆರಡು. ನಡುವಿನ 1ರಲ್ಲಿ 6 ಹೋಗುವುದಿಲ್ಲ, ಅಲ್ಲಿ ಸೊನ್ನೆ ಇಡಬೇಕು, ಉತ್ತರ 102 ಅಂತ ಹೇಳಿದ ದಿನ ಅವನು ಇರಲಿಲ್ಲ. ಆ ಸೊನ್ನೆ ನೋಟ್ಸಿನಲ್ಲಿ ಕಾಣುತ್ತದೆ, ಯಾಕೆ ಬಂತು ಅನ್ನುವುದು ಕಾಣುವುದಿಲ್ಲ. ಮುಂದೆ ದಶಮಾಂಶ ಬಂದಾಗ ಅದೇ ಜಾಗದಲ್ಲಿ ಮತ್ತೆ ಎಡವುತ್ತಾನೆ.

ಇನ್ನೊಂದು ನಾಜೂಕಾದ ಹೊತ್ತು ಶಾಲೆ ಶುರುವಾದ ದಿನಗಳು. 'ಈಗೇನು ಪಾಠ ನಡೆದಾವ್ರಿ ಸರ' ಅಂತಾರೆ ಪಾಲಕರು. ಆಗ ನಡೆಯುವುದು ಸೇತುಬಂಧ. ಹಿಂದಿನ ವರ್ಷದ್ದು ಎಷ್ಟು ಉಳಿದಿದೆ ಅಂತ ನೋಡಿ, ಮರೆತದ್ದನ್ನು ತುಂಬಿಸುವ ಕೆಲಸ. ಹಾಗೆ ನೋಡಿದರೆ ಅದು ತಪ್ಪುವುದಕ್ಕಿಂತ ಹೊಸ ಪಾಠ ಒಂದು ತಪ್ಪಿದರೂ ನಡೆದೀತು.

ಆದ್ದರಿಂದ ಹೊರಡುವ ಮುಂಚೆ ಒಂದು ಮಾತು ಹೇಳಿ. 'ಜ್ವರ ಬಂದಾವ್ರಿ' ಅಂತ ಸುಮ್ನೆ ಸುಳ್ಳು ಬೇಡ, ಮಗುವೇ ಬಂದು ಪಂಢರಪುರದ ಚಂದ್ರಭಾಗಾ ನದಿಯ ಸ್ನಾನದ ಕಥೆ ಹೇಳಿಬಿಡುತ್ತದೆ. ಹೆಸರು ಹೊಡೀತಾರೆ ಅನ್ನುವ ಹೆದರಿಕೆಯೂ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆದುಹಾಕುವಂತಿಲ್ಲ. ಮೊದಲೇ ಗೊತ್ತಾದರೆ ಯಾವ ಪಾಠ ತಪ್ಪುತ್ತದೆ ಅಂತ ಹೇಳಿ ಕಳಿಸುತ್ತೇವೆ, ಬಂದ ಮೇಲೆ ಪಕ್ಕಕ್ಕೆ ಕೂರಿಸಿ ಅದೊಂದನ್ನು ತೋರಿಸುತ್ತೇವೆ. ದಾರಿಗೆ ಪುಸ್ತಕದ ಗಂಟು ಕಟ್ಟಬೇಡಿ, ರೈಲಿನಲ್ಲಿ ಯಾರೂ ಓದುವುದಿಲ್ಲ. ಗಾಣಗಾಪುರ ರೋಡ್, ದುಧನಿ, ಅಕ್ಕಲಕೋಟ ರೋಡ್ ಅಂತ ಸ್ಟೇಷನ್ ಬೋರ್ಡ್ ಓದಲಿ. ಮನೆಮಂದಿಯ ಟಿಕೆಟ್ಟಿಗೆ ಎಷ್ಟಾಯಿತು, ತಲೆಗೆ ಎಷ್ಟು ಬಿತ್ತು ಅಂತ ಅವನೇ ಲೆಕ್ಕ ಹಾಕಲಿ.

ಪುಣೆಗೋ ಮುಂಬೈಗೋ ತಿಂಗಳುಗಟ್ಟಲೆ ದುಡಿಯಲು ಹೋಗುವವರ ಮಾತು ಬೇರೆ. ಅವರು ಟಿಸಿ ಕೇಳಿ ಒಯ್ಯಬೇಕು. ಅದು ತಡವಾಯಿತು ಅಂತ ಅಲ್ಲಿನ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳಲು ತಡ ಮಾಡುವಂತಿಲ್ಲ.

ಹತ್ತನೇ ತರಗತಿಯಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಎಸ್‌ಎಸ್‌ಎಲ್‌ಸಿಗೆ ಶೇಕಡಾ 75 ಹಾಜರಿ ಬೇಕೇ ಬೇಕು. ಮಾಮನ ಮದುವೆ ಇದ್ದರೆ ಮುಂಜಾನೆ ಬಸ್ಸಿಗೆ ಹೋಗಿ, ಅಕ್ಕಿಕಾಳು ಹಾಕಿ, ಊಟ ಮಾಡಿ ಅದೇ ಸಂಜೆ ತಿರುಗಿ ಬನ್ನಿ.